ಮೂವತ್ತು ಯೂನಿಟ್ಟಿನ ಮಹಿಮೆ

“ಈ ಲೇಬಲ್ ಸುಳ್ಳಾದ್ರೆ ನನ್ನ ಮೀಸೆ ಬೋಳಿಸ್ಕೋತೀನಿ!” ಎಂದು ಸೀನಪ್ಪ ಊರೆಲ್ಲ ಕೇಳುವಂತೆ ಸಾರಿದ. ಅಂಥಿಂಥ ಮೀಸೆಯಲ್ಲ ಅದು! ಅವನು ಮನೆಯಿಂದ ಹೊರಟರೆ ಮೊದಲು ಮೀಸೆ ಹೊಸ್ತಿಲು ದಾಟುತ್ತಿತ್ತು, ಆಮೇಲೆ ಸೀನಪ್ಪ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಂಗಾರಪೇಟೆ ಪಕ್ಕದ ಆ ಹಳ್ಳಿಗೆ ಬಂದ ಮೊಟ್ಟಮೊದಲ ಫ್ರಿಡ್ಜು ಸೀನಪ್ಪನದು. ಸಾಯಂಕಾಲ ಕರೆದ ಹಾಲು ಬೆಳಗ್ಗೆ ಮಾರಿಕುಪ್ಪಂ ಟ್ರೈನು ಹತ್ತಿ ಆಂಡರ್ಸನ್‌ಪೇಟೆಯ ಹೋಟೆಲುಗಳಿಗೆ ಹೋಗುವಷ್ಟರಲ್ಲಿ ಒಡೆಯುತ್ತಿತ್ತಲ್ಲ, ಅದಕ್ಕೇ ತಂದದ್ದು. ಫ್ರಿಡ್ಜು ನಡುಮನೆಯಲ್ಲಿ ಪಟ್ಟಕ್ಕೇರಿತು. ಮನೆಗಿದ್ದ ಒಂದೇ ದೊಡ್ಡ ಪ್ಲಗ್ಗು ಅಡುಗೆಮನೆಯಲ್ಲಿತ್ತು, ಹಾಗಾಗಿ ವೈರನ್ನು ಗೋಡೆಯ ತೂತಿನಿಂದ ಆಚೆಗೆ ಎಳೆದರು. ಹೆಂಡತಿ ಗಂಗರತ್ನಮ್ಮ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಹೋಳು ಮಾಡಿ, ಆರತಿ ಎತ್ತಿದಳು.

ಬಾಗಿಲ ಮೇಲೆ ಪಳಪಳ ಹೊಳೆಯುವ ಲೇಬಲ್ಲು! ‘ತಿಂಗಳಿಗೆ ಬರೀ ಮೂವತ್ತು ಯೂನಿಟ್ ಕರೆಂಟು!’ ಸೀನಪ್ಪ ಅದನ್ನು ಚಪ್ಪಲಿ ಬಿಟ್ಟು ನಿಂತು ಓದಿದ. ಅವನಿಗೆ ಮೈ ಜುಮ್ಮೆಂದಿತು.

ಅದನ್ನು ಕಂಡು ನಕ್ಕವನೆಂದರೆ ಗಂಗರತ್ನಮ್ಮನ ಅಣ್ಣ ವೆಂಕಟೇಶಪ್ಪ ಒಬ್ಬನೇ. ಅವನು ಕೆಜಿಎಫ್ ಚಿನ್ನದ ಗಣಿಯಲ್ಲಿ ಗುಮಾಸ್ತ, ಮೀಸೆಯಲ್ಲಿ ಸೀನಪ್ಪನಿಗೆ ಸರಿಸಮಾನ.

“ಬರೀ ಬುರುಡೆ ಬಾವ! ಮೂವತ್ತಕ್ಕೆ ನಿಂತ್ರೆ ನನ್ನ ಮೀಸೆ ತಗೋ. ಕೆಳಗೆ ಸಣ್ಣಕ್ಷರದಾಗೆ ಏನೈತೆ ನೋಡು. ಬಾಗಿಲು ತೆಗೀದೆ, ಒಳಗೇನೂ ಇಡದೆ ಪರೀಕ್ಷೆ ಮಾಡಿದ್ದಂತೆ!”

“ಅಂಗಾದ್ರೆ ಅಂಗೇ ಓಡಿಸ್ತೀನಿ! ಒಂದು ತಿಂಗ್ಳು ಬಾಗಿಲು ಮುಟ್ಟಲ್ಲ!”

ಗಂಗರತ್ನಮ್ಮ ಬೆರಗಾದಳು. “ಹಾಲಿಡೋಕೆ ಅಂತ ತಂದು, ಹಾಲೇ ಇಡಬ್ಯಾಡ ಅಂದ್ರೆ ಎಂಗ್ರೀ?”

“ಸುಮ್ಕಿರೇ! ಲೇಬಲ್ ಮಾನದ ಪ್ರಶ್ನೆ ಇದು!”

ಶುರುವಾಯಿತು ತಪಸ್ಸು! ಮೀಟರಿಗೆ ಬೇರೆ ಯಾವ ಕಲಬೆರಕೆಯೂ ಸೇರಬಾರದೆಂದು ಸೀನಪ್ಪ ಬಲ್ಬುಗಳನ್ನೆಲ್ಲ ಬಿಚ್ಚಿ ಅಟ್ಟಕ್ಕೆ ಹಾಕಿದ. ಕತ್ತಲಾದರೆ ಬುಡ್ಡಿ ದೀಪ. ಆ ದೀಪ ಹಿಡಿದುಕೊಂಡೇ ಊರವರು ಫ್ರಿಡ್ಜಿನ ದರ್ಶನಕ್ಕೆ ಬರುತ್ತಿದ್ದರು. ಹಾಲು ಎಂದಿನಂತೆ ಒಡೆಯುತ್ತಿತ್ತು.

ಬೆಳಗ್ಗೆ ಟ್ರೈನಿಗೆ ಹೊರಡುವ ಮುನ್ನ ಸೀನಪ್ಪ ಸ್ನಾನ ಮಾಡಿ, ಜಗಲಿಯ ಮೀಟರಿನ ಮುಂದೆ ಕೈ ಮುಗಿದು ನಿಲ್ಲುತ್ತಿದ್ದ. ಆ ಹೊತ್ತಿನಲ್ಲಿ ಒಳಗಿನ ಚಕ್ರ ಗಿರಗಿರನೆ ತಿರುಗುತ್ತಿತ್ತು. ಸಾಯಂಕಾಲ ಬಂದು ನೋಡಿದರೆ ನಿಶ್ಚಲ! ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

“ನೋಡಿ! ಬೆಳಗ್ಗೆ ಒಂದ್ಸಲ ಒಟ್ಟೆ ತುಂಬಾ ಉಂಡು, ಆಮ್ಯಾಕೆ ಇಡೀ ದಿನ ಉಪವಾಸ! ಋಷಿ ಕಣ್ರೋ ಇದು, ಋಷಿ! ಒಂಚೂರು ಸದ್ದು ಮಾಡ್ತೈತಾ?”

ಊರವರು ಫ್ರಿಡ್ಜಿಗೆ ಕಿವಿಯಿಟ್ಟು, ಹೌದೆಂದು ತಲೆದೂಗಿದರು. ಗಂಗರತ್ನಮ್ಮ ಮಾತ್ರ ಸೆರಗನ್ನು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ನಡೆದಳು. ಅಲ್ಲಿಗೆ ಸೀನಪ್ಪ ಯಾವತ್ತೂ ಕಾಲಿಟ್ಟವನಲ್ಲ.

ತಿಂಗಳು ತುಂಬಿತು. ವೆಂಕಟೇಶಪ್ಪ ತಾನೇ ಮೀಟರು ನೋಡಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ಮೂವತ್ತು! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ!

“ಅಬ್ಬಬ್ಬಾ! ಗಣಿಯಾಗೆ ಎಂತೆಂಥ ಮಿಷನ್ ನೋಡಿದೀನಿ ಬಾವ, ಮಾತಿಗೆ ಇಂಗೆ ನಿಲ್ಲೋ ಮಿಷನ್ ನೋಡಿರ್ಲಿಲ್ಲ! ಕರೆಸು ಆಂಜಿನಪ್ಪನ್ನ.”

ಕ್ಷೌರದ ಆಂಜಿನಪ್ಪ ಪೆಟ್ಟಿಗೆಯ ಸಮೇತ ಬಂದ. ಅಂಗಳದಲ್ಲಿ ಮಣೆ ಹಾಕಿ, ವೆಂಕಟೇಶಪ್ಪನ ಮೂತಿಗೆ ಸೋಪಿನ ನೊರೆ ಬಳಿದ. ಸೀನಪ್ಪ ಮೀಸೆ ತಿರುವುತ್ತ ನಿಂತ. ಕತ್ತಿ ಇನ್ನೇನು ಮೂಗಿನ ಕೆಳಗೆ ಬಂತು ಅನ್ನುವಾಗ ಗಂಗರತ್ನಮ್ಮ ಓಡೋಡಿ ಬಂದಳು.

“ನಿಲ್ಸಪ್ಪೋ ಆಂಜಿನಪ್ಪಾ! ನಮ್ಮಣ್ಣನ ಮೀಸೆ ಮುಟ್ಟಬ್ಯಾಡ!”

“ಏನೇ ಇದು? ಪಂದ್ಯ ಅಂದ್ರೆ ಪಂದ್ಯ!”

“ಫ್ರಿಡ್ಜು ಓಡಿದ್ರೆ ತಾನೇ ಪಂದ್ಯ? ಒಳಗೆ ಏನೂ ಇಲ್ಲದ ಪೆಟ್ಟಿಗೆಗೆ ಕರೆಂಟ್ ಯಾಕೆ ದಂಡ ಅಂತ, ಪೂಜೆ ಆದ ಮಾರನೇ ದಿನಾನೇ ವೈರು ಕಿತ್ತಾಕಿದೀನಿ!”

ಸೀನಪ್ಪ ಜಗಲಿಯತ್ತ ಕೈ ತೋರಿಸಿದ. “ಮತ್ತೆ... ಮೀಟ್ರು ತಿರುಗ್ತಿತ್ತಲ್ಲೇ?”

“ಸೌದೆ ಎಲ್ಲಾ ಅಸಿ ಅಸಿ. ನೀವು ಟ್ರೈನಿಗೆ ಓಗೋಕೆ ಮುಂಚೆ ಮುದ್ದೆ ಆಗಬ್ಯಾಡ್ವಾ? ಆ ಪ್ಲಗ್ಗಿಗೆ ಕರೆಂಟ್ ಒಲೆ ಆಕ್ತಿದ್ದೆ.”

ಎಲ್ಲರೂ ಅಡುಗೆಮನೆಗೆ ನುಗ್ಗಿದರು. ಸೀನಪ್ಪ ಮದುವೆಯಾದ ಮೇಲೆ ಮೊದಲ ಸಲ ನುಗ್ಗಿದ! ಪ್ಲಗ್ಗಿನಲ್ಲಿ ಒಲೆಯ ವೈರು. ಒಲೆಯ ಮೇಲೆ ಮುದ್ದೆಯ ಪಾತ್ರೆ. ಗೋಡೆಯ ಮೊಳೆಗೆ ನೇತುಬಿದ್ದಿದ್ದ ಫ್ರಿಡ್ಜಿನ ವೈರಿನ ಮೇಲೆ ಜೇಡ ಆಗಲೇ ಬಲೆ ನೇಯ್ದಿತ್ತು.

ವೆಂಕಟೇಶಪ್ಪ ಹೆಗಲ ಟವೆಲ್ಲಿನಿಂದ ನೊರೆ ಒರೆಸಿಕೊಂಡ. “ಓಗ್ಲಿ ಬಿಡು ಬಾವ. ಲೇಬಲ್ ನಿಜಾನೋ ಸುಳ್ಳೋ ಗೊತ್ತೇ ಆಗಲಿಲ್ಲ. ನೀನೂ ಸೋತಿಲ್ಲ, ನಾನೂ ಸೋತಿಲ್ಲ. ಇಬ್ಬರ ಮೀಸೇನೂ ಇರ್ಲಿ.”

ತಿರುಗಿ ನೋಡಿದರೆ ಸೀನಪ್ಪ ಅಲ್ಲಿಲ್ಲ. ಅಂಗಳದ ಮಣೆಯ ಮೇಲೆ ಕೂತು, ತಾನೇ ನೊರೆ ಬಳಿದುಕೊಳ್ಳುತ್ತಿದ್ದ.

“ಯಾಕೆ ಬಾವ? ನೀನು ಸೋತಿಲ್ಲ ಅಂದ್ನಲ್ಲ!”

“ಸೋಲಲ್ಲ ಬಾವ. ಮುದ್ದೆ ಒಲೆಗೆ ಒಂದು ತಿಂಗ್ಳು ಕೈ ಮುಗಿದಿದೀನಿ ಅಂತ ನಾಳೆ ಟ್ರೈನಾಗೆಲ್ಲಾ ಸುದ್ದಿ ಆಗ್ತೈತೆ. ‘ಯಾವನಪ್ಪಾ ಆ ಸೀನಪ್ಪ?’ ಅಂತ ಯಾರಾದ್ರೂ ಕೇಳಿದ್ರೆ, ನಾನೂ ಅವರ ಜೊತೆ ಉಡುಕಬೇಕು. ಆಂಜಿನಪ್ಪಾ, ಗುರುತು ಸಿಗದಂಗೆ ಬೋಳಿಸು!”