ಹೆಬ್ಬೆರಳು ಒಪ್ಪಿದ ಹಾಸಿಗೆ

ಇದನ್ನು ಬರೆಯಲು ಕೂತು ಎದ್ದದ್ದು ಎಷ್ಟು ಸಲವೋ! ಕನ್ನಡಕ ಸರಿಯಿಲ್ಲ, ಪೆನ್ನು ಓಡುತ್ತಿಲ್ಲ, ಸೊಂಟ ಕೂರಲು ಬಿಡುತ್ತಿಲ್ಲ. ನೆಪಕ್ಕೇನು ಬರ? ನಗಿಸುವ ಭಾಗ ಸುಲಭ. ಅದರ ಬಾಲಕ್ಕೆ ಹೆದರಿದ್ದೆ. ಇರಲಿ, ಮೊದಲು ನಕ್ಕುಬಿಡಿ.

ಹೊಂಗನೂರಿನ ನಮ್ಮ ಅಕ್ಕ ಐವತ್ತು ವರ್ಷಕ್ಕೂ ಮೀರಿ ಹಾಸಿಗೆಗೆ ಮೈ ತಾಗಿಸಿದವಳಲ್ಲ. ಆದರೂ ಹಾಸಿಗೆಯ ವಿಷಯದಲ್ಲಿ ಅವಳಷ್ಟು ಬಲ್ಲವರು ನಮ್ಮ ನಾಲ್ಕು ತಾಲ್ಲೂಕಿನಲ್ಲೇ ಇಲ್ಲ!

ಕುದೂರಿನ ನೆಂಟರು ಒಮ್ಮೆ ಅವಳಿಗೆಂದೇ ಮೆತ್ತನೆಯ ಹಾಸಿಗೆ ಹಾಸಿಕೊಟ್ಟರು. ಅದರ ಮೇಲೆ ತನ್ನ ಕೈಚೀಲವನ್ನು ಮಲಗಿಸಿ, ತಾನು ನೆಲದ ಮೇಲೆ ಚಾಪೆ ಬಿಡಿಸಿದಳು.

"ಇದ್ಯಾಕವ್ವ ಹಿಂಗೆ?"

"ಪಾಪ, ಚೀಲಕ್ಕೆ ಸೊಂಟನೋವು ಕಣವ್ವ!"

ಅಕ್ಕನ ಈ ಹುಚ್ಚನ್ನು ಹೇಳಿ ಹೇಳಿ ನಾನು ಊರನ್ನೆಲ್ಲ ನಗಿಸಿದ್ದೇನೆ.

ಅಂಥವಳು, ಈಚೆಗೆ ನಾನು ಸೊಂಟ ಹಿಡಿದು ಕೋಲೂರಿಕೊಂಡು ಅವಳ ಮನೆಗೆ ಹೋದರೆ, ಸೊಸೆಯ ಫೋನಿನಲ್ಲಿ ಹಾಸಿಗೆ ನೋಡುತ್ತಿದ್ದಳು!

"ರಬ್ಬರ್ ಮರದ ಹಾಲಿಂದಂತೆ ಅತ್ತೆ," ಸೊಸೆ ಓದುತ್ತಿದ್ದಳು. "ಒಳಗೆ ಮೂರು ಪದರ ಐತೆ. ಗಟ್ಟಿದು, ನಡುವಿಂದು, ಮೆತ್ತಂದು, ಯಾವುದು ಬೇಕೋ ನಾವೇ ಆರಿಸ್ಬೋದು. ಜಿಪ್ ಬಿಚ್ಚಿ ಮೇಲೆ ಕೆಳಗೆ ಮಾಡ್ಬೋದು."

ಅಕ್ಕ ಫೋನಿನ ಗಾಜನ್ನು ಹೆಬ್ಬೆರಳಿನಿಂದ ಒತ್ತಿದಳು. ಹಾಸಿಗೆ ಹೋಗಿ ದಿಂಬು ಬಂತು.

"ಅಯ್ಯೋ ಅತ್ತೆ, ಅದು ಫೋಟೋ!"

"ಗೊತ್ತು ಕಣವ್ವ. ಮಾರೋರಿಗೆ ಫೋನ್ ಮಾಡು."

ನಿಮಗೊಂದು ಮಾತು ಹೇಳಬೇಕು. ಅಕ್ಕನಂತೆ ರೇಷ್ಮೆ ಸಾಕುವವರಿಗೆ ಹೆಬ್ಬೆರಳೇ ಗುರು. ಗೂಡನ್ನು ಒತ್ತಿದಾಗ ಅದು ಬೆರಳನ್ನು ಹೇಗೆ ಹಿಂದಕ್ಕೆ ತಳ್ಳುತ್ತದೋ ಅದರಲ್ಲೇ ಗಟ್ಟಿಯೋ ಜೊಳ್ಳೋ ತಿಳಿಯುತ್ತದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅಕ್ಕ ಒತ್ತಿ ನೋಡುವಾಗ ಕೊಳ್ಳುವವರು ಗೂಡು ಬಿಟ್ಟು ಅಕ್ಕನ ಮುಖ ನೋಡುತ್ತಿದ್ದರು!

ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಸಿಕ್ಕಿದಳು.

"ತಾಯೀ, ಹಾಸಿಗೆ ನಿನ್ನ ಹತ್ರದಲ್ಲಿ ಐತಾ?"

"ಕೆಳಗೆ ಅಂಗಡೀಲಿದೆ ಅಮ್ಮ."

"ಒಸಿ ಎದ್ದೋಗಿ ಎಬ್ಬೆಟ್ಟಲ್ಲಿ ಒತ್ತವ್ವ. ಮೂರು ಪದರಾನೂ ಬೇರೆ ಬೇರೆ. ಬೆಟ್ಟು ತೆಗೆದ ತಕ್ಷಣ ಎದ್ದೇಳ್ತದೋ, ಸೋಮಾರಿ ಹಂಗೆ ಆಕಳಿಸ್ಕೊಂಡು ಎದ್ದೇಳ್ತದೋ ಹೇಳು."

ನಗು ತಡೆಯಲು ಟವೆಲ್ಲನ್ನು ಬಾಯಿಗೆ ತುರುಕಿಕೊಂಡೆ. ಆದರೆ ಆ ಹೆಣ್ಣುಮಗಳು ನಿಜಕ್ಕೂ ಎದ್ದು ಹೋದಳು! "ನಡುವಿನದು ಬೆರಳ ಹಿಂದೆಯೇ ಬರುತ್ತೆ ಅಮ್ಮ," ಎಂದಳು, ತಾನೇ ಬೆರಗಾದವಳಂತೆ. ಅಕ್ಕ ಕಣ್ಣು ಮುಚ್ಚಿ, ತನ್ನ ಹೆಬ್ಬೆರಳನ್ನು ಗಾಳಿಯಲ್ಲಿ ಮೆಲ್ಲಗೆ ಒತ್ತುತ್ತ ಕೇಳಿದಳು. ನನ್ನ ನಗು ಅಲ್ಲೇ ನಿಂತಿತು. ಯಾರದೋ ಬೆರಳಿನಿಂದ ಮುಟ್ಟುವ ವಿದ್ಯೆ ಯಾವ ಶಾಲೆಯಲ್ಲಿ ಕಲಿಸುತ್ತಾರೆ?

"ಕೆಳಗೆ ಎರಡು ಗಟ್ಟಿದು, ಮೇಲೆ ನಡುವಿಂದು. ಮೆತ್ತಂದು ಬ್ಯಾಡ, ಸೊಂಟ ಮುಳುಗೋಯ್ತದೆ," ಎಂದಳು ಅಕ್ಕ.

"ಅಂತೂ ಹಾಸಿಗೆ ಮೇಲೆ ಮಲಗ್ತೀಯಾ ಅಕ್ಕ!"

"ವಿಳಾಸ ಹೇಳು."

"ಯಾರದು?"

"ನಿಂದು ಕಣ್ಲಾ! ಕೋಲು ಹಿಡ್ಕೊಂಡಿರೋದು ನೀನೋ ನಾನೋ?"

ಹಾಸಿಗೆ ಚನ್ನಪಟ್ಟಣದ ನಮ್ಮ ಮನೆಗೆ ಬಂತು. ಹಿಂದೆಯೇ ಅಕ್ಕನೂ ಬಂದಳು. ಜಿಪ್ ಬಿಚ್ಚಿ ತಾನೇ ಪದರ ಜೋಡಿಸಿದಳು. ನನ್ನನ್ನು ಮಲಗಿಸಿ, ಸೊಂಟದ ಕೆಳಗೆ ಕೈ ತೂರಿಸಿ ನೋಡಿ, ತಲೆದೂಗಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ಇದರ ಮೇಲೆ ಬೀಡಿ ಹಚ್ಚಬ್ಯಾಡ ಕಣಪ್ಪ. ಬೂರುಗದ ಹತ್ತಿ ಹಂಗೆ ಇದೂ ಹತ್ಕೊಂಡ್ರೆ ಉಳಿಯಕಿಲ್ಲ."

ನಾನು ಬೀಡಿ ಬಿಟ್ಟು ನಲವತ್ತು ವರ್ಷವಾಗಿದೆ!

ನಾನು ಹೆದರಿದ್ದ ಬಾಲ ಇದೇ. ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕ ಮೂರು ಬೇಸಿಗೆ ಬೂರುಗದ ಹತ್ತಿ ಆರಿಸಿ, ತನ್ನ ಮದುವೆಗೆಂದು ಒಂದು ಹಾಸಿಗೆ ತುಂಬಿಟ್ಟಿದ್ದಳು. ಅಟ್ಟದಲ್ಲಿ ಅದರ ಮೇಲೆ ಕದ್ದು ಮಲಗಿ, ಬೀಡಿ ಸೇದಿ, ಸುಟ್ಟವನು ನಾನು. "ಅಕ್ಕ ದೀಪ ಮರೆತು ಬಂದವ್ಳೆ," ಎಂದವನೂ ನಾನೇ. "ಇನ್ನು ನಿನಗೆ ಚಾಪೆಯೇ ಗತಿ!" ಎಂದು ಅಪ್ಪ ಗುಡುಗಿದರು. ಅವಳು ತುಟಿ ಬಿಚ್ಚಲಿಲ್ಲ. ಚಾಪೆ ಸುತ್ತಿಕೊಂಡು ಗಂಡನ ಮನೆಗೆ ಹೋದಳು. ಅದನ್ನೇ ನಾನು ಹುಚ್ಚೆಂದು ಊರಿಗೆ ಹಂಚಿದೆ.

ಹೊಸ ಹಾಸಿಗೆ ಬಂದ ಆ ಮಧ್ಯಾಹ್ನ ನಾನು ಮೇಲೆ, ಅವಳು ಕೆಳಗೆ ಚಾಪೆಯಲ್ಲಿ. ಸುಟ್ಟವನು ನಾನೇ ಎಂದು ಹೇಳಿಬಿಡಲು ಎದ್ದು ಕೂತೆ. "ಸುಮ್ಕೆ ಮಲಗ್ಲಾ," ಎಂದಳು.

ಇಷ್ಟು ಹೊತ್ತೂ ಅಕ್ಕ, ಅಕ್ಕ ಎಂದು ಹೆಸರು ಮರೆಸಿದೆ. ಇನ್ನು ಮರೆಸಲಾರೆ. ಅವಳು ಪುಟ್ಟತಾಯಮ್ಮ.