ಹೇರೋಹಳ್ಳಿಯ ಫುಲ್ ನೋಡ್

ನನ್ನ ಸೋದರಮಾವ ತಮ್ಮ ಮದುವೆಯ ದಿನ ಧಾರೆಯ ಮಂಟಪದಲ್ಲಿ ಕೂತು ತಾಳಿಯನ್ನು ತೂಕ ಹಾಕಿಸಿದರು ಎಂದು ನೆಂಟರೆಲ್ಲ ಆಡಿಕೊಳ್ಳುವುದು ಶುದ್ಧ ಸುಳ್ಳು. ಅದನ್ನು ಅವರು ಹಿಂದಿನ ದಿನವೇ ತೂಕ ಹಾಕಿಸಿದ್ದರು!

ಮಾವ ನಲವತ್ತು ವರ್ಷ ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಮೇಜು ಹಾಕಿಕೊಂಡು ಕೂತಿದ್ದ ಪತ್ರ ಬರಹಗಾರರು. ಸೈಟು ಮಾರುವವರು, ಕೊಳ್ಳುವವರು, ಅಣ್ಣತಮ್ಮಂದಿರ ಪಾಲಿನವರು, ಎಲ್ಲರ ಪತ್ರಗಳನ್ನೂ ಬರೆದು ಬರೆದು, ಭೂಮಿಯ ಮೇಲೆ ಯಾರ ಬಾಯಿಮಾತನ್ನೂ ನಂಬಬಾರದು ಎಂಬ ತೀರ್ಮಾನಕ್ಕೆ ಬಂದವರು. ಟೊಮ್ಯಾಟೊ ತಂದರೆ ಮನೆಯ ತಕ್ಕಡಿಯಲ್ಲಿ ಮತ್ತೆ ತೂಗುತ್ತಾರೆ. ಗಂಡಿನ ಕಡೆಯವರು ಮದುವೆಗೆ ಕರೆದರೆ, ಮದುವೆ ನಿಜವೇ ಎಂದು ಹೆಣ್ಣಿನ ಕಡೆಯವರಿಗೆ ಫೋನ್ ಮಾಡಿ ಕೇಳುತ್ತಾರೆ. ಎಲ್ಲಿಗಾದರೂ ಹೊರಟು ನಿಂತಾಗ ಅತ್ತೆ, "ಗ್ಯಾಸ್ ಆಫ್ ಮಾಡಿದೀನಿ ಕಣ್ರೀ" ಎಂದರೂ ಚಪ್ಪಲಿ ಬಿಚ್ಚಿ ಒಳಗೆ ಹೋಗಿ ತಿರುಗಿಸಿ ನೋಡಿಯೇ ಬರುತ್ತಾರೆ. ಮದುವೆಯಾದಾಗಿನಿಂದ ಒಂದು ದಿನವೂ ಇದು ತಪ್ಪಿಲ್ಲ. ಗ್ಯಾಸ್ ಒಂದು ದಿನವೂ ಆನ್ ಇರಲಿಲ್ಲ ಎಂಬುದು ಬೇರೆ ಮಾತು.

ಇಂಥವರ ಕಿವಿಗೆ ಬಿಟ್‌ಕಾಯಿನ್ ಎಂಬ ಶಬ್ದ ಹಾಕಿದ ಪಾಪಿ ನಾನೇ. ವಿಜಯನಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮಾವ ಹೇರೋಹಳ್ಳಿಯಿಂದ ಬಸ್ಸು ಹತ್ತಿ ಬಂದು ಕಾಫಿ ಕುಡಿಯುತ್ತಾ ಕೂತಿದ್ದರು. ನಾನು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದೆ, ಈ ದುಡ್ಡಿಗೆ ಬ್ಯಾಂಕಿಲ್ಲ, ಯಾರ ಕಾಯಿನ್ ಯಾರಿಗೆ ಹೋಯಿತು ಎಂಬ ಪುಸ್ತಕ ಒಂದೇ ಕಡೆ ಇರುವುದಿಲ್ಲ, ಬೇಕಾದವರೆಲ್ಲ ಅದರ ಪೂರ್ತಿ ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು ಎಂದು. ಮಾವನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಒಂದು ಹಾಳೆ ಹರಿದ್ರೆ?"

"ಹರಿದವನ ಕಾಪಿ ಮಾತ್ರ ಹಾಳಾಗುತ್ತೆ ಮಾವ. ಮಿಕ್ಕೋರ ಹತ್ರ ಇರುತ್ತಲ್ಲ."

"ನಾನೂ ಒಂದು ಇಟ್ಕೋಬಹುದಾ?"

"ಅದಕ್ಕೆ ಫುಲ್ ನೋಡ್ ಅಂತಾರೆ. ಸಾಫ್ಟ್‌ವೇರ್ ಪುಕ್ಕಟೆ. ಅದನ್ನ ಹೆಂಗೆ ಬರೆದಿದಾರೆ ಅಂತಾನೂ ಯಾರು ಬೇಕಾದ್ರೂ ಓದಬಹುದು, ಮುಚ್ಚುಮರೆ ಏನಿಲ್ಲ."

"ಹಾಕ್ಕೊಡು."

ಭಾನುವಾರ ಹಳೆಯ ಕಂಪ್ಯೂಟರಿಗೊಂದು ದೊಡ್ಡ ಹಾರ್ಡ್ ಡಿಸ್ಕ್ ಜೋಡಿಸಿ ತೆಗೆದುಕೊಂಡು ಹೋದೆ. ಇಳಿಸಿಕೊಂಡ ಸಾಫ್ಟ್‌ವೇರ್ ಅಸಲಿಯೋ ನಕಲಿಯೋ ಎಂದು ತಿಳಿಯಲು ಅರವತ್ನಾಲ್ಕು ಅಕ್ಷರ, ಅಂಕಿಗಳ ಒಂದು ಸಾಲು ಇರುತ್ತದೆ. ನಮಗೆ ಬಂದ ಸಾಲೂ ಅವರು ಪ್ರಕಟಿಸಿದ ಸಾಲೂ ಒಂದೇ ಆಗಿದ್ದರೆ ಅಸಲಿ. ಕಂಪ್ಯೂಟರ್ ಕ್ಷಣದಲ್ಲಿ ತಾಳೆ ನೋಡಿ ಸರಿ ಇದೆ ಎಂದಿತು.

"ಕಂಪ್ಯೂಟರ್ ಸರಿ ಇದೆ ಅಂತ ಯಾರು ನೋಡಿದ್ರು?" ಎಂದರು ಮಾವ.

ಎರಡು ಸಾಲನ್ನೂ ಪ್ರಿಂಟ್ ತೆಗೆಸಿದರು. ನಾನು ಒಂದೊಂದೇ ಅಕ್ಷರ ಕೂಗಬೇಕು, ಅವರು ಸ್ಕೇಲು ಹಿಡಿದು ಕೆಂಪು ಪೆನ್ನಿನಲ್ಲಿ ಟಿಕ್ ಹಾಕಬೇಕು. ಮೂವತ್ತೊಂಬತ್ತನೆಯದಕ್ಕೆ ಬಂದಾಗ ಅತ್ತೆ ಊಟಕ್ಕೆ ಕರೆದರು. ಊಟ ಮುಗಿಸಿ ಬಂದ ಮಾವ ಮತ್ತೆ ಒಂದರಿಂದ ಶುರು ಮಾಡಿದರು.

"ಯಾಕೆ ಮಾವ?"

"ನಾವು ಊಟಕ್ಕೆ ಹೋದಾಗ ಯಾರಾದ್ರೂ ತಿದ್ದಿದ್ರೆ?"

ಮನೆಯಲ್ಲಿದ್ದವರು ಮೂವರು. ಮೂವರೂ ಒಟ್ಟಿಗೇ ಊಟಕ್ಕೆ ಕೂತಿದ್ದೆವು!

ಇಷ್ಟಾದ ಮೇಲೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಡಿಸ್ಕಲ್ಲಿ ಜಾಗ ಉಳಿಸೋಕೆ, ಹಳೇ ಪುಟಗಳನ್ನೆಲ್ಲ ಒಂದ್ಸಲ ನೋಡಿ ಬಿಸಾಕಿ ಈಚಿನದು ಮಾತ್ರ ಇಟ್ಕೋಬಹುದು ಮಾವ" ಎಂದುಬಿಟ್ಟೆ. ಜಮೀನಿನ ಮೊಟ್ಟಮೊದಲ ಮೂಲ ಪತ್ರ, ಅಂದರೆ ಮದರ್ ಡೀಡ್, ಕಣ್ಣಾರೆ ನೋಡದೆ ಯಾವ ಕಾಗದಕ್ಕೂ ಪೆನ್ನು ಮುಟ್ಟಿಸದ ಮನುಷ್ಯನಿಗೆ ಹೇಳುವ ಮಾತೇ ಇದು?

"ಮದರ್ ಡೀಡ್ ಬಿಸಾಕಿ ಖಾತಾ ಇಟ್ಕೋ ಅಂತೀಯಾ? ಯಾವನೋ ನಿಂಗೆ ಅಂಗಡಿ ಇಟ್ಕೊಟ್ಟೋನು?"

ಕಾಯಿನ್ ಕೊಟ್ಟವರ ಹಳೆಯ ಸಹಿಗಳನ್ನು ಈಗಾಗಲೇ ಬೇರೆಯವರು ಪರೀಕ್ಷಿಸಿದ್ದಾರೆ ಎಂದು ನಂಬಿಕೊಂಡು ಮುಂದೆ ಓಡುವ ಸೌಲಭ್ಯವೂ ಅದರಲ್ಲಿತ್ತು. ನಂಬಿಕೊಂಡು ಎಂಬ ಪದ ಕೇಳಿದ್ದೇ ತಡ, ಅದನ್ನೂ ತೆಗೆಸಿದರು. ಮೊದಲ ಪುಟದ ಮೊದಲ ಸಹಿಯಿಂದಲೇ ನೋಡಿಕೊಂಡು ಬರಬೇಕು! ಪುಸ್ತಕವನ್ನೆಲ್ಲ ಇಳಿಸಿಕೊಂಡು ತಾಳೆ ನೋಡುವ ಕೆಲಸ, ಕೆಲವು ದಿನದಲ್ಲಿ ಮುಗಿಯಬೇಕಾದದ್ದು, ತಿಂಗಳುಗಟ್ಟಲೆ ಹಿಡಿಯಿತು.

ಹಾಲ್‌ನ ಮೂಲೆಯಲ್ಲಿ ಹಗಲಿರುಳು ಗುಂಯ್ ಎನ್ನುವ ಆ ಪೆಟ್ಟಿಗೆಯನ್ನು ಕಂಡರೆ ಅತ್ತೆಗಾಗದು. "ನಿಮ್ಮ ಮಾವ ನನ್ನ ಮುಂದೆ ಒಂದಿನಾನಾದ್ರೂ ಇಷ್ಟು ಹೊತ್ತು ಮುಖ ನೋಡ್ಕೊಂಡು ಕೂತಿದಾರಾ ಕೇಳು" ಎಂದು ನನಗೆ ಫೋನ್ ಮಾಡುತ್ತಿದ್ದರು. ಆದರೂ ಚಳಿಗಾಲದಲ್ಲಿ ಅದರ ಬಿಸಿಗೆ ಇಡ್ಲಿ ಹಿಟ್ಟು ಚೆನ್ನಾಗಿ ಉಬ್ಬುತ್ತದೆ ಎಂದು ಪಾತ್ರೆಯನ್ನು ಅದರ ಪಕ್ಕದಲ್ಲೇ ಇಡುತ್ತಿದ್ದರು. ಬೇಸಿಗೆ ಬಂದದ್ದೇ ಅದೂ ತಪ್ಪಿತು. "ಗುಜರಿಗೆ ಹಾಕ್ತೀನಿ, ನೋಡ್ತಾ ಇರು!"

ನೆಂಟರಂತೂ ಮಾವ ಕೋಟ್ಯಧಿಪತಿ ಎಂದು ನಂಬಿ, ವರ್ಷಗಟ್ಟಲೆ ಈ ಕಡೆ ತಲೆ ಹಾಕದವರೂ ಬಾಳೆಹಣ್ಣು ಹಿಡಿದುಕೊಂಡು ಬಂದರು. ಮಾವನ ಹತ್ತಿರ ಒಂದೇ ಒಂದು ಕಾಯಿನ್ ಕೂಡ ಇಲ್ಲ ಎಂದು ತಿಳಿದು ಒಬ್ಬರಿಗೆ ಸಿಟ್ಟೇ ಬಂತು.

"ಮತ್ತೆ ಆ ಪುಸ್ತಕ ಯಾಕ್ರೀ ನಿಮಗೆ?"

"ರಿಜಿಸ್ಟ್ರಾರ್ ಪುಸ್ತಕದಲ್ಲಿರೋ ಸೈಟೆಲ್ಲ ರಿಜಿಸ್ಟ್ರಾರ್‌ದೇನ್ರೀ?"

ಬಾಳೆಹಣ್ಣು ನಿಂತುಹೋಯಿತು.

ಇನ್ನು ಎರಡೇ ದಿನದ ಕೆಲಸ ಬಾಕಿ. ತಟ್ಟನೆ ಆಫ್ ಆದರೆ ಒಳಗಿನದು ಕೆಟ್ಟು ಮೊದಲಿನಿಂದ ಶುರು ಮಾಡಬೇಕಾದೀತು ಎಂದು ನಾನು ಹೆದರಿಸಿದ್ದರಿಂದ ಮಾವ ಮನೆ ಬಿಟ್ಟು ಕದಲುತ್ತಿರಲಿಲ್ಲ. ಆದರೆ ಅವತ್ತು ಕೆಂಗೇರಿಯಲ್ಲಿ ಅವರ ಸ್ನೇಹಿತರ ತಿಥಿ, ಹೋಗದಿದ್ದರೆ ಆಗದು. ಮಧ್ಯಾಹ್ನ ಮೂರಕ್ಕೆ ಅತ್ತೆಯ ಫೋನ್ ಬಂತು. "ಕರೆಂಟ್ ಹೋಗಿ ಎರಡು ಗಂಟೆ ಆಯ್ತು ಕಣೋ. ಇನ್ವರ್ಟರ್ ಕುಂಯ್ ಕುಂಯ್ ಅಂತಿದೆ. ಏನಾದ್ರೂ ತಗೊಂಡು ಬೇಗ ಬಾ."

ಅಂಗಡಿಯ ಬ್ಯಾಟರಿಯನ್ನು ಸ್ಕೂಟರಿಗೆ ಹೇರಿಕೊಂಡು, ಮಾಗಡಿ ರೋಡಿನ ಗುಂಡಿಗಳನ್ನೆಲ್ಲ ಹಾರಿಸಿಕೊಂಡು ಹೋದೆ. ಅತ್ತೆ ಇಷ್ಟರಲ್ಲಿ ಪ್ಲಗ್ ಕಿತ್ತಿರುತ್ತಾರೆ ಎಂದೇ ಎಣಿಸಿದ್ದೆ. ಹೋಗಿ ನೋಡಿದರೆ ಫ್ಯಾನಿಲ್ಲ, ಟೀವಿಯಿಲ್ಲ, ಫ್ರಿಜ್ಜಿನ ವೈರು ಕಿತ್ತು ಬಿದ್ದಿದೆ. ಇನ್ವರ್ಟರಿನಲ್ಲಿ ಉಳಿದದ್ದೆಲ್ಲ ಆ ಪೆಟ್ಟಿಗೆಯೊಂದಕ್ಕೇ! ಅತ್ತೆ ಬೆವರಿನಲ್ಲಿ ತೊಯ್ದು, ನೆಲದ ಮೇಲೆ ಕೂತು, ಬೀಸಣಿಗೆಯಿಂದ ಕಂಪ್ಯೂಟರಿಗೆ ಗಾಳಿ ಹಾಕುತ್ತಿದ್ದಾರೆ.

ಬ್ಯಾಟರಿ ಜೋಡಿಸಿ ಕೇಳಿದೆ. "ಗುಜರಿಗೆ ಹಾಕ್ತೀನಿ ಅಂದ್ರಲ್ಲ ಅತ್ತೆ?"

"ಹಾಕ್ತೀನಿ. ಮೊದಲು ಇದು ಮುಗೀಲಿ."

ಆಮೇಲೆ ಬೀಸಣಿಗೆ ನಿಲ್ಲಿಸದೆ ಹೇಳಿದರು. "ಬ್ಯಾಡರಹಳ್ಳಿ ಹತ್ರ ನಮ್ಮಪ್ಪಂದು ಹೊಲ ಇತ್ತು ಕಣೋ. ಯಾರೋ ಬಂದು ನಮ್ದು ಅಂದ್ರು. ಮನೇಲಿದ್ದ ಪತ್ರ ಗೆದ್ದಲು ತಿಂದಿತ್ತು. ಆಫೀಸಿಗೆ ಹೋಗಿ ಪುಸ್ತಕ ತೆಗೆಸಿದ್ರೆ ನಮ್ಮ ಹಾಳೆ ಒಂದೇ ಹರಿದಿದೆ! ಇದ್ದಿದ್ದು ಅದೊಂದೇ ಪುಸ್ತಕ. ಅಪ್ಪನ ಮಾತು ಯಾರೂ ನಂಬಲಿಲ್ಲ. ಹೊರಗೆ ಮೇಜು ಹಾಕ್ಕೊಂಡು ಕೂತಿದ್ದ ಇವರೊಬ್ರೇ ನಂಬಿದ್ದು. ಒಂದು ಕಾಸೂ ತಗೊಳ್ದೆ ವರ್ಷಗಟ್ಲೆ ಅರ್ಜಿ ಬರ್ಕೊಟ್ರು. ಹೊಲ ಬರ್ಲಿಲ್ಲ. ಅರ್ಜಿ ಹಿಡ್ಕೊಂಡು ಮನೆಗೆ ಬಂದೂ ಬಂದೂ, ಕೊನೆಗೆ ನನ್ನ ಕರ್ಕೊಂಡು ಹೋದ್ರು." ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕದ್ದಕ್ಕೆ ನಾಚಿಕೆಯಾಯಿತು.

ಐದು ಗಂಟೆಗೆ ಕರೆಂಟ್ ಬಂತು. ಅದರ ಹಿಂದೆಯೇ ಏದುಸಿರು ಬಿಡುತ್ತಾ ಮಾವ ಬಂದರು.

"ಇಲ್ಲೂ ಕರೆಂಟ್ ಹೋಗಿತ್ತಂತೆ?"

"ಹೋಗಿತ್ತು. ನಿಮ್ಮದು ಆಫ್ ಆಗ್ಲಿಲ್ಲ" ಎಂದರು ಅತ್ತೆ.

ಇನ್ನು ಮಾವ ಒಳಗೆ ನುಗ್ಗುತ್ತಾರೆ, ಕನ್ನಡಕ, ಸ್ಕೇಲು, ಕೆಂಪು ಪೆನ್ನು ಎಲ್ಲ ಈಚೆ ಬರುತ್ತವೆ ಎಂದು ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಮಾವ ಅತ್ತೆಯ ಬೆವೆತ ಮುಖವನ್ನು ನೋಡಿದರು, ಕೈಯಲ್ಲಿದ್ದ ಬೀಸಣಿಗೆಯನ್ನು ನೋಡಿದರು. ಕಂಪ್ಯೂಟರಿನ ಕಡೆ ತಿರುಗಲೂ ಇಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತರು.

"ನೀನು ಹೇಳಿದ್ಮೇಲೆ ಆಯ್ತು ಬಿಡು" ಎಂದರು. "ಒಂದು ಲೋಟ ಕಾಫಿ ಕೊಡೇ."