ಹದಿನೆಂಟು ಜೇಬಿನ ಜಾಕೀಟು ಮಾರಿದ ಮಹನೀಯರಿಗೆ

ಗೆ,
ವ್ಯವಸ್ಥಾಪಕರು,
ನೀಲಧಾರಾ ಔಟ್‌ಡೋರ್ಸ್,
ವಾಶಿ, ನವಿ ಮುಂಬಯಿ.

ಮಾನ್ಯರೇ,

ತಮ್ಮ ಮಳಿಗೆಯ ಎಸಿ ಸದಾ ತಣ್ಣಗಿರಲಿ, ತಮ್ಮ ಗಾಜಿನ ಬಾಗಿಲು ಬಂದವರಿಗೆಲ್ಲ ತಾನಾಗಿ ತೆರೆಯಲಿ, ಒಳಹೊಕ್ಕವರು ನನ್ನ ಹಾಗೆಯೇ ಎರಡೂ ಕೈ ತುಂಬಿಕೊಂಡು ಹೊರಬರಲಿ ಎಂದು ಹಾರೈಸುತ್ತ, ಡೊಂಬಿವಲಿ ಪೂರ್ವದ ನಿವಾಸಿಯೂ ಠಾಣೆಯ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಕೂದಲು ನೆರೆಸಿಕೊಂಡವನೂ ಆದ ತಾರಾನಾಥನೆಂಬ ನಾನು, ನಾಲ್ಕು ಜನ ಓದಲೆಂದೇ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಖಾಸಗಿಯಾಗಿ ಬರೆದದ್ದಕ್ಕೆ ತಾವು ಕಳಿಸಿದ ಉತ್ತರ ಎಷ್ಟು ಚಿಕ್ಕದಾಗಿ, ಎಷ್ಟು ಚೊಕ್ಕವಾಗಿ ಇತ್ತೆಂದರೆ, ಅದನ್ನು ಓದಿದ ಮೇಲೆ ಉದ್ದವಾಗಿ ಬರೆಯುವ ಹೊಣೆ ನನ್ನದೇ ಎಂದು ಮನವರಿಕೆಯಾಯಿತು.

ಮೊದಲಿಗೆ, ನನ್ನಂಥವನು ತಮ್ಮಂಥವರ ಅಂಗಡಿಗೆ ಯಾಕೆ ಬಂದ ಎಂಬುದನ್ನು ಅರಿಕೆ ಮಾಡಿಕೊಳ್ಳಬೇಕು. ನನಗೆ ಪೂಜಿತಾ ಎಂಬ ಒಬ್ಬಳೇ ಮಗಳು. ಅವಳ ಗಂಡ ಹಿತೇಶ್ ನಮ್ಮ ಕರಾವಳಿಯ ಕಡೆಯವನೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಇಬ್ಬರೂ ಖಾರಘರದಲ್ಲಿದ್ದಾರೆ, ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಾರೆ. ಅಳಿಯ ಒಳ್ಳೆಯವನು. ನಾನೂ ಅಷ್ಟೇನೂ ಕೆಟ್ಟವನಲ್ಲ. ಆದರೆ ನಮ್ಮಿಬ್ಬರನ್ನು ಒಂದೇ ಸೋಫಾದಲ್ಲಿ ಕೂರಿಸಿದರೆ, ‘ಟ್ರಾಫಿಕ್ ಇತ್ತಾ’ ಎಂದು ನಾನು ಕೇಳುತ್ತೇನೆ, ‘ಥೋಡಾ ಥಾ ಮಾವ’ ಎಂದು ಅವನು ಹೇಳುತ್ತಾನೆ, ಅಲ್ಲಿಗೆ ಮಾತು ಮುಗಿದು, ಊಟಕ್ಕೆ ಕರೆಯುವ ತನಕ ಇಬ್ಬರೂ ತಲೆಯೆತ್ತಿ ಫ್ಯಾನು ನೋಡುತ್ತೇವೆ. ಒಂದು ಭಾನುವಾರ ಪೂಜಿತಾ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ, ಇವರಿಬ್ಬರ ಮಧ್ಯೆ ಕೂತು ನನಗೆ ಉಸಿರು ಕಟ್ಟುತ್ತದೆ, ಇನ್ನು ಮೇಲೆ ಹಿತೇಶನನ್ನು ಮನೆಯಲ್ಲೇ ಬಿಟ್ಟು ನಾನೊಬ್ಬಳೇ ಬರುತ್ತೇನೆ ಎಂದು ಹೇಳಿದ್ದು ನಮ್ಮ ಸೋಫಾದ ತನಕ ಸ್ಪಷ್ಟವಾಗಿ ಕೇಳಿಸಿತು. ಮಗಳ ಗಂಡನನ್ನು ಮನೆಗೆ ಬಾರದ ಹಾಗೆ ಮಾಡಿದ ಮಾವ ಎಂದು ಹೆಸರು ತೆಗೆದುಕೊಳ್ಳಲು ಯಾರಿಗೆ ಇಷ್ಟ ಇರುತ್ತದೆ? ಹಿತೇಶನಿಗೂ ಕೇಳಿಸಿತ್ತು. ಅವನು ಫ್ಯಾನಿನಿಂದ ಕಣ್ಣು ತೆಗೆಯದೆಯೇ, ಮುಂದಿನ ಸಂಡೇ ನನ್ನ ಜೊತೆ ಫಿಶಿಂಗಿಗೆ ಬರುತ್ತೀರಾ ಎಂದು ಕೇಳಿದ. ಬರುತ್ತೇನೆ ಎಂದೆ. ಆ ಹೊತ್ತಿಗೆ ಗುಡ್ಡ ಹತ್ತಲು ಕರೆದಿದ್ದರೂ ಹೂಂ ಎನ್ನುತ್ತಿದ್ದೆ.

ಅವನ ಫಿಶಿಂಗು ನಮ್ಮ ಕರಾವಳಿಯ ಗಾಳ ಅಲ್ಲ, ಫ್ಲೈ ಫಿಶಿಂಗ್ ಎಂಬುದು ಆಮೇಲೆ ತಿಳಿಯಿತು. ಗರಿ, ನೂಲು, ಕೂದಲು ಸುತ್ತಿ ಮಾಡಿದ ಸುಳ್ಳು ನೊಣವನ್ನು ಉದ್ದ ದಾರದ ತುದಿಗೆ ಕಟ್ಟಿ, ಗಾಳಿಯಲ್ಲಿ ಬೀಸಿ, ನೀರಿನ ಮೇಲೆ ಮೆಲ್ಲಗೆ ಇಳಿಸಿ, ಮೀನನ್ನು ಮರುಳು ಮಾಡಿ ಹಿಡಿದು, ಹಿಡಿದದ್ದನ್ನು ಮತ್ತೆ ನೀರಿಗೇ ಬಿಟ್ಟು, ಬರಿಗೈಯಲ್ಲಿ ಮನೆಗೆ ಬರುವ ಆಟ ಅದು. ‘ಹಿಡಿದು ಬಿಡುವುದಾದ್ರೆ ಹೋಗುದು ಎಂತಕ್ಕೆ ಮಾರಾಯ್ರೆ?’ ಎಂದು ನನ್ನ ಹೆಂಡತಿ ಜಯಲತಾ ಕೇಳಿದ ಪ್ರಶ್ನೆಗೆ ತಮ್ಮ ಮಳಿಗೆಯಲ್ಲೂ ನನಗೆ ಉತ್ತರ ಸಿಗಲಿಲ್ಲ.

ಉಳಿದದ್ದೆಲ್ಲ ಸಿಕ್ಕಿತು. ತಮ್ಮ ಮಾರಾಟ ಪ್ರತಿನಿಧಿ ಶ್ರೀ ಮನೀಶ ಅವರನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಚೀಲ ಸಾಕೆಂದು ಬಂದವನನ್ನು ಅವರು, ಚೀಲ ಸೊಂಟಕ್ಕೋ ಎದೆಗೋ ಬೆನ್ನಿಗೋ ಒಂಟಿ ಹೆಗಲಿಗೋ ಎಂದು ವಿಚಾರಿಸಿದಾಗ, ಈ ಶರೀರದಲ್ಲಿ ಇಷ್ಟು ವರ್ಷ ಇಷ್ಟೊಂದು ಜಾಗ ಖಾಲಿ ಬಿಟ್ಟೆನಲ್ಲ ಎಂದು ನನಗೇ ನಾಚಿಕೆಯಾಯಿತು. ಎದೆಗೆ ಚೀಲ ಕಟ್ಟುವುದು ವಿದೇಶದ ತಜ್ಞರು ಬಹಳ ತಲೆ ಓಡಿಸಿ ಕಂಡುಹಿಡಿದ ಹೊಸ ವಿಧಾನವೆಂದು ಅವರು ವಿವರಿಸಿದರು. ಡೊಂಬಿವಲಿಯಲ್ಲಿ ಲೋಕಲ್ ಹತ್ತುವ ಪ್ರತಿಯೊಬ್ಬನೂ ಸ್ಯಾಕನ್ನು ಎದೆಗೇ ತಗಲಿಸಿಕೊಳ್ಳುತ್ತಾನೆ, ಬೆನ್ನಿಗೆ ಹಾಕಿದರೆ ಹಿಂದಿನವನು ಅಪ್ಪ ಅಮ್ಮನ ಸಮೇತ ಬೈಯುತ್ತಾನೆ ಎಂದು ಹೇಳಿ ಅವರ ಉತ್ಸಾಹಕ್ಕೆ ತಣ್ಣೀರೆರಚಲು ಮನಸ್ಸು ಬರಲಿಲ್ಲ. ಆ ಚೀಲ ಬಂತು. ಚೀಲದಲ್ಲಿ ಹಿಡಿಯದ್ದನ್ನು ತುಂಬಲು ಹದಿನೆಂಟು ಜೇಬಿನ ಜಾಕೀಟು ಬಂತು. ಕತ್ತಿನ ಹಿಂದೆ ಅಯಸ್ಕಾಂತದಿಂದ ಅಂಟಿಕೊಂಡು, ಎಳೆದರೆ ಕೈಗೆ ಬಂದು, ಬಿಟ್ಟರೆ ಕಳೆದುಹೋಗದಂತೆ ಸುರುಳಿ ದಾರ ಕಟ್ಟಿದ ಕೈಬಲೆ ಬಂತು. ಪಾದದಿಂದ ಎದೆಯ ತನಕ ಏರುವ, ಹೆಗಲಿಗೆ ಪಟ್ಟಿಯಿರುವ ರಬ್ಬರಿನ ಪ್ಯಾಂಟು ಬಂತು, ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ ನನ್ನನ್ನು ಜಯಲತಾ ಬಾಲವಾಡಿಗೆ ಹೊರಟ ಮಗುವನ್ನು ನೋಡುವ ಹಾಗೆ ನೋಡಿದಳು. ಕೊನೆಗೆ, ಮೀನಿನ ಕಣ್ಣಿಗೆ ಬೀಳದ ಖಾಕಿ ಬಣ್ಣದ, ಹನಿ ನೀರೂ ನಿಲ್ಲದ ಶರಟು ಮತ್ತು ಪ್ಯಾಂಟು ಬಂದವು.

ಇನ್ನು ಜೋಡಣೆಯ ವಿಷಯ. ಹೋಟೆಲಿನವನಿಗೆ ಎಲ್ಲದಕ್ಕೂ ಒಂದು ಜಾಗ ಬೇಕು, ಕತ್ತಲೆಯಲ್ಲಿ ಕೈ ಹಾಕಿದರೂ ಸಾಸಿವೆ ಸಾಸಿವೆಯ ಡಬ್ಬಿಯಲ್ಲೇ ಸಿಗಬೇಕು. ಆ ವಾರವೆಲ್ಲ ನಾನು ಜೇಬು ತುಂಬಿದೆ, ಖಾಲಿ ಮಾಡಿದೆ, ಮತ್ತೆ ತುಂಬಿದೆ. ಮೇಲಿನ ಎಡಜೇಬಿಗೆ ಕತ್ತರಿ, ಬಲಜೇಬಿಗೆ ದಾರ, ಒಳಜೇಬಿಗೆ ಕನ್ನಡಕ, ಬೆನ್ನಿನ ದೊಡ್ಡ ಜೇಬಿಗೆ ಟವೆಲು, ಎದೆಯ ಚೀಲಕ್ಕೆ ಸುಳ್ಳು ನೊಣಗಳ ಡಬ್ಬಿ. ನಾನು ಸ್ನಾನಕ್ಕೆ ಹೋದಾಗ ಜಯಲತಾ ಉಳಿದ ಜೇಬುಗಳನ್ನು ನೋಡಿ, ಇಷ್ಟೊಂದು ಜಾಗ ಸುಮ್ಮನೆ ಹಾಳಾಗುತ್ತಿದೆಯಲ್ಲ ಎಂದುಕೊಂಡು ಬನ್ಸು ತುಂಬಿದಳು. ಅದು ತಪ್ಪೆಂದು ನಾನು ಹೇಳುವುದಿಲ್ಲ, ಬನ್ಸು ಚೆನ್ನಾಗಿದ್ದವು.

ಬಟ್ಟೆಯ ಮೇಲಿನ ಚೀಟಿಯಲ್ಲಿ ಇಸ್ತ್ರಿ ಮಾಡಬಾರದೆಂದು ತಾವು ಚಿತ್ರ ಬಿಡಿಸಿ ತಿಳಿಸಿದ್ದೀರಿ. ಅದನ್ನು ನಾನು ಕನ್ನಡಕ ಹಾಕಿಕೊಂಡೇ ನೋಡಿದ್ದೇನೆ. ಆದರೆ ಮಾನ್ಯರೇ, ಗಂಜಿ ಹಾಕದ, ಇಸ್ತ್ರಿ ಕಾಣದ ಅಂಗಿ ತೊಟ್ಟು ನಾನು ಗಲ್ಲಾದ ಮೇಲೆ ಒಂದು ದಿನವೂ ಕೂತವನಲ್ಲ. ಗಿರಾಕಿಯ ಎದುರಿಗೇ ಮುದುಡಿದ ಅಂಗಿಯಲ್ಲಿ ಕೂರದವನು ಅಳಿಯನ ಎದುರಿಗೆ ನಿಲ್ಲುವುದು ಹೇಗೆ? ಬಿಳಿ ಅಂಗಿಗಾದರೆ ಬೆಳ್ತಿಗೆ ಅಕ್ಕಿಯ ಗಂಜಿ. ಇದು ಖಾಕಿಯಾದ್ದರಿಂದ ಬಣ್ಣಕ್ಕೆ ಹೊಂದಲೆಂದು ಕುಚ್ಚಲಕ್ಕಿಯ ಕೆಂಪು ಗಂಜಿತಿಳಿಯನ್ನೇ ಆರಿಸಿದೆ. ತಮ್ಮ ಬಟ್ಟೆ ನೀರು ನಿಲ್ಲಿಸದ ಜಾತಿಯದ್ದು, ಗಂಜಿಯನ್ನೂ ಹೀರಲಿಲ್ಲ. ನಾನೂ ಬಿಡಲಿಲ್ಲ. ತಿಳಿ ಸಾಲದೆಂದು ಗಟ್ಟಿ ಗಂಜಿಯಲ್ಲೇ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಮೇಲೊಂದು ಪಂಚೆ ಹಾಸಿ ಇಸ್ತ್ರಿ ತಿಕ್ಕಿದೆ. ಕೊನೆಗೆ ಪ್ಯಾಂಟು ಗೋಡೆಗೆ ಒರಗಿ ತಾನಾಗಿಯೇ ನಿಂತಿತು.

ಭಾನುವಾರ ಬೆಳಿಗ್ಗೆ ಉಲ್ಲಾಸ ನದಿಯ ದಡದಲ್ಲಿ ಸಿಗುವುದೆಂದು ಮಾತಾಗಿತ್ತು. ಹಿತೇಶ್ ಖಾರಘರದಿಂದ ಬೈಕಿನಲ್ಲಿ ಹೊರಟ, ನಾನು ಡೊಂಬಿವಲಿಯಲ್ಲಿ ಬದ್ಲಾಪುರದ ಸ್ಲೋ ಲೋಕಲ್ ಹಿಡಿದೆ. ಎದೆಯ ಚೀಲಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ತಮ್ಮ ಕೈಬಲೆ ಮಾತ್ರ, ಹಿಂದೆ ನಿಂತಿದ್ದ ಕಟ್ಟಡದ ಕೂಲಿಯವನೊಬ್ಬನ ಘಮೇಲಾ, ಅಂದರೆ ಸಿಮೆಂಟು ಹೊರುವ ಕಬ್ಬಿಣದ ಬುಟ್ಟಿಯನ್ನು ಕಂಡು ಮನಸ್ಸು ಬದಲಾಯಿಸಿ, ನನ್ನ ಕತ್ತನ್ನು ಬಿಟ್ಟು ಅದಕ್ಕೆ ಅಂಟಿಕೊಂಡಿತು. ಠಾಕುರ್ಲಿಯಲ್ಲಿ ಅವನು ಇಳಿದ. ಘಮೇಲಾ ಇಳಿಯಿತು, ಬಲೆಯೂ ಇಳಿಯಿತು, ನಾನು ಮತ್ತು ಸುರುಳಿ ದಾರದ ಇನ್ನೊಂದು ತುದಿ ಗಾಡಿಯೊಳಗೇ ಉಳಿದೆವು. ‘ಕಾಕಾ, ತುಮ್ಚೀ ಜಾಳೀ!’ ಎಂದು ಇಡೀ ಬೋಗಿ ಬಲೆಯತ್ತ ಕೈ ತೋರಿಸಿ ಕೂಗಿತು, ‘ಅಯ್ಯೋ ದೇವರೇ’ ಎಂದು ನಾನು ಕೂಗಿದೆ. ಅದು ಕೇಳಿದ್ದೇ ಪ್ಲಾಟ್‌ಫಾರ್ಮಿನ ಮೇಲಿದ್ದ ಅವನು ತಿರುಗಿ, ‘ಯಪ್ಪಾ, ಕನ್ನಡದವ್ರೇನ್ರೀ? ಬೆನ್ನಿಗ್ಯಾಕ ಬಲಿ ಕಟ್ಕೊಂಡೀರಿ?’ ಎಂದ. ಭೀಮು ಅಂತ, ವಿಜಯಪುರದ ಕಡೆಯವನು. ಅಷ್ಟು ಪರಿಚಯವಾಗುವಷ್ಟರಲ್ಲಿ ಗಾಡಿ ಹೊರಟು ದಾರ ಪಟ್ಟೆಂದು ಹರಿಯಿತು. ಅವನು ನಾಲ್ಕು ಹೆಜ್ಜೆ ಓಡಿ, ‘ತೊಗೋರಿ!’ ಎಂದು ಬಲೆಯನ್ನು ಬಾಗಿಲಿನೊಳಕ್ಕೆ ಎಸೆದ. ಆ ದಿನ ಬಲೆಯನ್ನು ಸರಿಯಾಗಿ ಬೀಸಿ ಎಸೆದವನು ಅವನೊಬ್ಬನೇ.

ನದಿಗೆ ಬಂದೆ. ಬಿಸಿಲು ಹೇಗಿತ್ತೆಂದರೆ ರಬ್ಬರಿನ ಪ್ಯಾಂಟಿನೊಳಗೆ ನಾನು ಇಡ್ಲಿಯ ಹಾಗೆ ಬೇಯತೊಡಗಿದೆ. ಅದನ್ನು ಕಳಚಿ ದಡದಲ್ಲಿಟ್ಟು, ಗಂಜಿ ಹಾಕಿದ ಖಾಕಿಯಲ್ಲೇ ಸೊಂಟದ ತನಕ ನೀರಿಗಿಳಿದೆ. ಹಿತೇಶ್ ಆಚೆ ನಿಂತು ದಾರ ಬೀಸುತ್ತಿದ್ದ. ನೋಡಲು ಚೆಂದವಿತ್ತು, ಒಪ್ಪುತ್ತೇನೆ. ನನಗೂ ಒಂದು ಕೋಲು ಕೊಟ್ಟಿದ್ದ, ನೊಣ ಕಟ್ಟಿಕೊಳ್ಳಿ ಎಂದು ಸನ್ನೆ ಮಾಡಿದ. ಎದೆಯ ಚೀಲದಿಂದ ಡಬ್ಬಿ ತೆಗೆದೆ, ತೆರೆದೆ. ಒಳಗೆ ಮಾವಿನಮಿಡಿ ಉಪ್ಪಿನಕಾಯಿ. ಹೊರಗಿನ ನೀರು ಒಳಗೆ ಹೋಗದ ಡಬ್ಬಿಯಿಂದ ಒಳಗಿನ ಎಣ್ಣೆ ಹೊರಗೆ ಬರುವುದಿಲ್ಲವೆಂದು ಲೆಕ್ಕ ಹಾಕಿದ ಜಯಲತಾ, ನೊಣಗಳನ್ನು ಸ್ಪಂಜಿನ ಸಮೇತ ಬಾಲ್ಕನಿಗೆ ವರ್ಗ ಮಾಡಿದ್ದಳು. ಅಳಿಯ ನೋಡುತ್ತಿದ್ದ. ನಾನು ಹದಿನೆಂಟೂ ಜೇಬು ತಡಕಿದೆ, ಕತ್ತರಿ, ದಾರ, ಟವೆಲು, ಬನ್ಸು ಎಲ್ಲ ಕೈಗೆ ಹತ್ತಿದವು, ನೊಣ ಮಾತ್ರ ಒಂದೂ ಇಲ್ಲ. ಇನ್ನು ಇವನು ನಮ್ಮ ಮನೆ ಮೆಟ್ಟಿಲು ಹತ್ತಿದ ಹಾಗೆಯೇ, ಮಗಳು ಇನ್ನು ಒಬ್ಬಳೇ ಬರುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ಮಂಡಿಯ ಹತ್ತಿರ ಏನೋ ಕಚಗುಳಿ ಇಟ್ಟಂತಾಯಿತು. ಬಗ್ಗಿ ನೋಡಿದರೆ ನನ್ನ ಸುತ್ತ ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗೆ ಮಬ್ಬಾಗಿತ್ತು, ಅದರ ತುಂಬ ಮೀನು! ಚಿಕ್ಕವು, ಬೆರಳುದ್ದದವು, ಅವುಗಳ ಹಿಂದೆ ಮೊಳದುದ್ದದವು, ಎಲ್ಲ ಬಂದು ನನ್ನ ಪ್ಯಾಂಟಿನ ನೆರಿಗೆಯನ್ನು ಮೊದಲ ಪಂಕ್ತಿಯಲ್ಲಿ ಕೂತವರ ಹಾಗೆ ಉಣ್ಣುತ್ತಿದ್ದವು. ಮೀನಿನ ಕಣ್ಣಿಗೆ ಬೀಳದ ಬಟ್ಟೆ ಎಂದು ತಾವು ಕೊಟ್ಟ ಭರವಸೆಯನ್ನು ಅವುಗಳಿಗೆ ಯಾರೂ ತಿಳಿಸಿದಂತಿರಲಿಲ್ಲ. ನಾನು ಬಲೆಯನ್ನು ಮೆಲ್ಲಗೆ ನೀರಿಗೆ ಇಳಿಸಿದೆ, ಎತ್ತಿದೆ. ಮೊಳದುದ್ದದ್ದೊಂದು ಬಲೆಯಲ್ಲಿತ್ತು, ಕೋಲಿಲ್ಲ, ನೊಣವಿಲ್ಲ, ಬೀಸಾಟವಿಲ್ಲ.

ಹಿತೇಶ್ ದಾರ ಸುತ್ತಿಕೊಂಡು ನೀರು ಕಲಕದ ಹಾಗೆ ಹತ್ತಿರ ಬಂದ. ಬೈಯುತ್ತಾನೆಂದು ಹೆದರಿದೆ; ಇದು ಅವನ ಆಟಕ್ಕೆ ಮಾಡಿದ ಅವಮಾನವಲ್ಲವೇ. ಅವನು ನನ್ನ ಪ್ಯಾಂಟು ಮುಟ್ಟಿ, ಬೆರಳು ಮೂಸಿ, ‘ಗಂಜಿ?’ ಎಂದ. ಅಚ್ಚ ಕನ್ನಡದಲ್ಲಿ. ಹೌದೆಂದು ತಲೆ ಅಲ್ಲಾಡಿಸಿದೆ. ನಗಲು ಹೊರಟವನು ಮೀನು ಓಡಿಹೋದಾವೆಂದು ಬಾಯಿ ಮುಚ್ಚಿಕೊಂಡ, ಅವನ ಹೆಗಲು ಕುಣಿಯುತ್ತಿತ್ತು. ನನ್ನದೂ. ಬಲೆಯಲ್ಲಿದ್ದ ಮೀನು ನಮ್ಮ ಹುಳಿ-ಖಾರದ ಪುಳಿಮುಂಚಿ ಸಾರಿಗೆ ಹೇಳಿ ಮಾಡಿಸಿದಂತಿತ್ತು, ಆದರೂ ಅವನ ನಿಯಮ ಅವನದ್ದು ಎಂದು ನಾನಾಗಿಯೇ ಅದನ್ನು ನೀರಿಗೆ ಬಿಟ್ಟೆ. ಆಮೇಲೆ ಇಬ್ಬರೂ ಅಕ್ಕಪಕ್ಕ ನಿಂತೆವು. ಮೀನು ಬೆದರಬಾರದೆಂದು ಅವನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಬಿಸಿಲು ನೆತ್ತಿಗೇರಿತು, ಬನ್ಸು ಹಂಚಿಕೊಂಡೆವು, ಉಪ್ಪಿನಕಾಯಿ ನೆಕ್ಕಿದೆವು. ನಮ್ಮ ಸೋಫಾದಲ್ಲಿ ಅಷ್ಟು ಭಾರವಾಗಿ ಕೂತಿರುತ್ತಿದ್ದ ಮೌನ ಇಲ್ಲಿ ಇಬ್ಬರಿಗೂ ಹಾಯಾಗಿತ್ತು. ಮಾತು ಬಾರದ ಇಬ್ಬರಿಗೆ ಬೇಕಿದ್ದದ್ದು ಮಾತಾಡಬಾರದ ಒಂದು ಜಾಗ, ಅಷ್ಟೆ. ಮಾನ್ಯರೇ, ನನಗೆ ಅಂದು ಬಹಳ ಸಂತೋಷವಾಯಿತು, ಅದನ್ನು ಅಡಗಿಸಿಟ್ಟುಕೊಳ್ಳಲು ತಮ್ಮ ಜಾಕೀಟಿನಲ್ಲಿ ಜೇಬು ಸಾಲದು.

ಹರಿದ ದಾರವನ್ನೂ, ಸುಕ್ಕುಗಟ್ಟಿದ ಬಟ್ಟೆಯನ್ನೂ ಬದಲಿಸಿಕೊಡಿ ಎಂದು ನಾನು ಕೇಳಿದ್ದಕ್ಕೆ ತಾವು, ಬಟ್ಟೆಗೆ ‘ಅಪರಿಚಿತ ಪದಾರ್ಥ’ ಮೆತ್ತಿದ್ದು ‘ಅನುಚಿತ ಬಳಕೆ’ಯಾದ್ದರಿಂದ ಗ್ಯಾರಂಟಿ ರದ್ದಾಗಿದೆ ಎಂದು ತಿಳಿಸಿದಿರಿ. ಗಂಜಿಯನ್ನು ಅಪರಿಚಿತವೆಂದು ಕರೆದದ್ದಕ್ಕೆ ನನಗೆ ನೋವಾಗಿದೆ. ಉಲ್ಲಾಸ ನದಿಯ ಮೀನಿಗೆ ಅದರ ಪರಿಚಯ ತಮಗಿಂತ ಚೆನ್ನಾಗಿದೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ನನ್ನ ಕತ್ತು ಯಾವುದು, ಭೀಮುವಿನ ಘಮೇಲಾ ಯಾವುದು ಎಂದು ತಿಳಿಯುವಷ್ಟು ಬುದ್ಧಿಯಿರುವ ಅಯಸ್ಕಾಂತವನ್ನೂ, ಗೃಹಿಣಿಯರ ಕಣ್ಣಿಗೆ ಉಪ್ಪಿನಕಾಯಿ ಡಬ್ಬಿಯಾಗಿ ಕಾಣದ ನೊಣದ ಡಬ್ಬಿಯನ್ನೂ, ಯಾವ ಜೇಬಿನಲ್ಲಿ ಏನಿದೆಯೆಂದು ನದಿಯಲ್ಲಿ ನನ್ನ ಜೊತೆ ನಿಂತು ಹೇಳಲು ಶ್ರೀ ಮನೀಶ ಅವರನ್ನೂ ಒದಗಿಸಿಕೊಡಬೇಕಾಗಿ ಕೋರುತ್ತೇನೆ. ಜೊತೆಗೆ ಲಾರ್ಜ್ ಅಳತೆಯ ಒಂದು ಜೊತೆ ಖಾಕಿ ಬಟ್ಟೆ ಕಳಿಸಿ, ಅದು ಅಳಿಯನಿಗೆ. ನೀರು ನಿಲ್ಲದ ಆ ವಿಶೇಷ ಲೇಪನ ದಯವಿಟ್ಟು ಬೇಡ. ಕಳೆದ ಭಾನುವಾರ ಅವನು ತನ್ನ ಹಳೆಯ ಅಂಗಿಯನ್ನು ಮಡಚಿ ತಂದು, ‘ಅತ್ತೆ, ಇಸ್ಕೋ ಭೀ ಥೋಡಾ ಗಂಜಿ’ ಎಂದು ಜಯಲತಾಳ ಮುಂದೆ ಹಿಡಿದ. ಅದೂ ತಮ್ಮ ಮಳಿಗೆಯದ್ದೇ, ಹೀರಲೇ ಇಲ್ಲ.

ತಮ್ಮ ಗ್ಯಾರಂಟಿಯನ್ನು ಕಳೆದುಕೊಂಡು ಅಳಿಯನನ್ನು ಗಳಿಸಿಕೊಂಡ,
ತಮ್ಮ ವಿಶ್ವಾಸಿ,
ತಾರಾನಾಥ
ಡೊಂಬಿವಲಿ ಪೂರ್ವ

ತಾ.ಕ.: ಬರುವ ಭಾನುವಾರ ಪೂಜಿತಾ ತನ್ನ ಅಮ್ಮನನ್ನು ಕರೆದುಕೊಂಡು ತಮ್ಮ ಮಳಿಗೆಗೆ ಬರುವವಳಿದ್ದಾಳೆ. ಮೊದಲು ಮನೆಯಲ್ಲಿ ಬಾಯಿ ಬಿಡದೆ ಕೂರುತ್ತಿದ್ದ ನಾವಿಬ್ಬರು ಈಗ ಬೆಳಿಗ್ಗೆ ಹೋದರೆ ದೀಪ ಹಚ್ಚುವ ತನಕ ಮನೆಗೇ ಬರುವುದಿಲ್ಲವೆಂಬುದು ಅವರ ದೂರು. ಒಬ್ಬ ಮಾವ ಮತ್ತು ಒಬ್ಬ ಅಳಿಯನನ್ನು ಒಟ್ಟಿಗೆ ನೀರಿನಿಂದ ಮೇಲೆತ್ತುವ ಅಳತೆಯ ಬಲೆ ಅವರಿಗೆ ಬೇಕಂತೆ. ಶ್ರೀ ಮನೀಶ ಅವರು ಖಂಡಿತ ತೋರಿಸುತ್ತಾರೆ, ನನಗೆ ಗೊತ್ತು. ದಯವಿಟ್ಟು ಅದಕ್ಕೂ ತಮ್ಮ ಅದೇ ದಾರವನ್ನೇ ಕಟ್ಟಿಸಿ ಕೊಡಿ, ಠಾಕುರ್ಲಿ ಬರುವಷ್ಟರಲ್ಲಿ ಹರಿಯುವಂಥದ್ದು.